ಮೂರನೆಯ ರೊಟ್ಟಿ: ಹುಬ್ಬಳ್ಳಿಯ ಒಬ್ಬ ಫಿಟ್ಟರನ ನೆನಪಿನ ಪುಸ್ತಕ ಆದ ಬಗೆ

ಇಲ್ಲಿ ಹೇಳುತ್ತಿರುವ ವ್ಯಕ್ತಿ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರ್. ಎಂಬತ್ತು ದಾಟಿದ ಮೇಲೆ, ಒಂದು ಮಾಘ ಮಾಸದ ರಾತ್ರಿ, ಮಲಗಿದಲ್ಲೇ ಹೋದರು. ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಐದು ಮೊಮ್ಮಕ್ಕಳು. ಅವರು ಯಾವ ಸಂಘದ ಅಧ್ಯಕ್ಷರೂ ಆಗಿರಲಿಲ್ಲ. ವೇದಿಕೆ ಹತ್ತಿದ್ದು ಒಮ್ಮೆ ಮಾತ್ರ, ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳಲು. ಅಂಥವರ ಬಗ್ಗೆ ವರ್ಷದ ಕಾರ್ಯಕ್ಕೆ ಒಂದು ಪುಸ್ತಕ ತರಬೇಕೆಂದು ಮಕ್ಕಳು ಕೂತರು. ಹೆಸರು, ಓಣಿ ಇಲ್ಲಿ ಹೇಳಿಲ್ಲ. ಇಂಥ ಮನೆಗಳಲ್ಲಿ ಆಗುವುದನ್ನು ಒಂದೇ ಮನೆಯ ಮೇಲಿಟ್ಟು ಹೇಳಿದೆ.

ದೊಡ್ಡ ಮನುಷ್ಯರ ಸ್ಮರಣ ಸಂಚಿಕೆ ಸುಲಭ. ಭಾಷಣ, ಪತ್ರಿಕೆಯ ತುಣುಕು, ಸನ್ಮಾನಪತ್ರ ಇರುತ್ತವೆ. ತನ್ನ ಬಗ್ಗೆ ಒಂದು ಸಾಲೂ ಬರೆಯದ, ಯಾರ ಮುಂದೆಯೂ ತನ್ನ ಕೆಲಸ ಹೇಳಿಕೊಳ್ಳದ ಸಂಸಾರಸ್ಥನ ಪುಸ್ತಕಕ್ಕೆ ಸಾಮಗ್ರಿ ಎಲ್ಲಿಂದ ತರಬೇಕು ಎಂಬುದೇ ಇಲ್ಲಿಯ ತೊಡಕು.

ಮೊದಲ ತಿಂಗಳು ಬಂದದ್ದು

ದಿನಕರ್ಮ ಮುಗಿದ ವಾರದಲ್ಲೇ ಮಗಳು ವಾಟ್ಸ್‌ಆ್ಯಪ್ ಗುಂಪು ಕಟ್ಟಿ, 'ಅಪ್ಪನ ಬಗ್ಗೆ ಎರಡು ಮಾತು ಬರೆದು ಕಳಿಸಿರಿ' ಎಂದು ಹಾಕಿದಳು. ತಿಂಗಳೊಳಗೆ 26 ಬರಹ ಬಂದವು. ಎಲ್ಲದರಲ್ಲೂ ಅವೇ ಪದ: ಸರಳ ಸಜ್ಜನ, ಅಜಾತಶತ್ರು, ಮೃದುಭಾಷಿ, ಕಾಯಕಯೋಗಿ. ನಾಲ್ಕು ಕವನಗಳಲ್ಲಿ ನಾಲ್ಕರಲ್ಲೂ ದೀಪ ಆರಿತ್ತು. ಹಿರಿಯ ಮೊಮ್ಮಗ ಒಂದು ಪರೀಕ್ಷೆ ಮಾಡಿದ. ಬರಹಗಳಿಂದ ಹೆಸರು ತೆಗೆದು, ಎದುರು ಮನೆಯ ಅಜ್ಜಿಗೆ ಓದಿ ಹೇಳಿದ. ಯಾರ ಬಗ್ಗೆ ಬರೆದದ್ದೆಂದು ಅವರಿಗೆ ಒಂದರಲ್ಲೂ ಗೊತ್ತಾಗಲಿಲ್ಲ. ಆ ಅಜ್ಜಿ ನಲವತ್ತು ವರ್ಷದ ನೆರೆಯವರು.

ತಪ್ಪು ಬರೆದವರದಲ್ಲ, ಪ್ರಶ್ನೆಯದು. 'ಎರಡು ಮಾತು' ಕೇಳಿದರೆ ಜನ ಶ್ರದ್ಧಾಂಜಲಿ ಫ್ಲೆಕ್ಸಿನ ಭಾಷೆಗೆ ಹೋಗುತ್ತಾರೆ, ಸಾವಿನ ಮುಂದೆ ಆಡಲು ರೂಢಿಯಿರುವ ಮಾತು ಅದೊಂದೇ. ಎರಡನೆಯ ಸಲ ಫೋನಿನಲ್ಲಿ, ಒಬ್ಬೊಬ್ಬರಿಗೇ, ಬೇರೆ ಪ್ರಶ್ನೆ ಕೇಳಿದರು. ನಿಮ್ಮ ಮನೆಗೆ ಬಂದರೆ ಎಲ್ಲಿ ಕೂಡುತ್ತಿದ್ದರು? ಕೈಯಲ್ಲಿ ಏನಿರುತ್ತಿತ್ತು? ಅವರ ಕೈ ಹಚ್ಚಿದ ಯಾವ ವಸ್ತು ನಿಮ್ಮಲ್ಲಿ ಇನ್ನೂ ನಡೆಯುತ್ತಿದೆ? ಅವರು ಸಿಟ್ಟಿಗೆದ್ದದ್ದು ಯಾವಾಗ? ಕೊನೆಯ ಸಲ ನಿಮಗೆ ಏನು ಅಂದರು?

ಸಿಟ್ಟಿನ ಪ್ರಶ್ನೆ ಬಿಡಬಾರದು. ಅದಿಲ್ಲದಿದ್ದರೆ ಮನುಷ್ಯ ಗೋಡೆಯ ಫೋಟೋ ಆಗಿಬಿಡುತ್ತಾನೆ. ಈ ಪ್ರಶ್ನೆಗೆ ಬಂದ ಉತ್ತರದಿಂದಲೇ ತಿಳಿದದ್ದು: ಕೊಟ್ಟ ಪಾನಾ (ಸ್ಪ್ಯಾನರ್) ಒರೆಸದೆ ತಿರುಗಿ ಕೊಟ್ಟರೆ ಅವರು ಇಸಿದುಕೊಳ್ಳುತ್ತಿರಲಿಲ್ಲ. 'ತೊಳಕೊಂಡು ತಾ' ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಓಣಿಯ ಮೂರು ಮನೆಯವರು ಇದನ್ನೇ, ಬೇರೆಬೇರೆ ವರ್ಷದ್ದು, ಹೇಳಿದರು. ಅದು ಪುಸ್ತಕಕ್ಕೆ ಬಂದ ಮೊದಲ ನಿಜವಾದ ಸಾಲು.

ಕಾಗದ ಏನು ಹೇಳುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಟ್ರಂಕಿನಲ್ಲಿ ಸಿಕ್ಕಿದ್ದು: ಶಾಲೆ ಬಿಟ್ಟ ದಾಖಲೆ, ನೇಮಕದ ಪತ್ರ, ಹಳೆಯ ಸಂಬಳ ಚೀಟಿಗಳ ಒಂದು ಕಟ್ಟು, ಪಿಂಚಣಿ ಆದೇಶ, ಹಿತ್ತಾಳೆಯ ಒಂದು ಬಿಲ್ಲೆ, ಎಂಟು ಲೆಕ್ಕದ ವಹಿ.

ಜನ್ಮದಿನದಲ್ಲೇ ಮೊದಲ ಗೊಂದಲ. ಶಾಲೆಯ ದಾಖಲೆಯಲ್ಲಿ 1-6-1942. ಹಳ್ಳಿಯ ಅಕ್ಕ ಹೇಳುವುದು, 'ಸೀಗಿ ಹುಣ್ಣಿವಿ ಮುಂದ ಹುಟ್ಟ್ಯಾನ, ಬಯಲಾಗ ಜ್ವಾಳ ಎದಿಮಟ್ಟ ಇತ್ತು'. ಸೀಗಿ ಹುಣ್ಣಿಮೆ ಜೂನ್‌ನಲ್ಲಿ ಬರುವುದಿಲ್ಲ, ಆಶ್ವಯುಜದ್ದು. ಆ ಪೀಳಿಗೆಯ ಸಾವಿರಾರು ಜನರ ಹುಟ್ಟುಹಬ್ಬ ಜೂನ್ 1 ಆದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು: ಶಾಲೆ ಆರಂಭವಾಗುವ ತಿಂಗಳು ಜೂನ್, ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಎಣಿಸಿ ಬರೆದುಕೊಳ್ಳುತ್ತಿದ್ದರು. ಹಿರಿಯ ಮಗನಿಗೆ ಒಂದೇ ತಾರೀಖು ಬೇಕಿತ್ತು. ಕೊನೆಗೆ ಎರಡನ್ನೂ ಅಚ್ಚು ಮಾಡಿದರು, 'ಶಾಲೆಯ ದಾಖಲೆಯಂತೆ', 'ಮನೆಯವರ ನೆನಪಿನಂತೆ' ಎಂದು. ಇದೇ ಸರಿ. ಮನೆಯ ನೆನಪನ್ನು ಪಂಚಾಂಗ ಹಿಡಿದು ಇಂಗ್ಲಿಷ್ ತಾರೀಖಿಗೆ ಇಳಿಸಲು ಹೋದರೆ ಇಲ್ಲದ ಖಚಿತತೆ ಹುಟ್ಟುತ್ತದೆ. ತಿಥಿ ನೆನಪಿದ್ದರೂ ವರ್ಷ ಅಂದಾಜಿನದೇ ಇರುತ್ತದೆ.

ಊರಿನ ಹೆಸರಿನಲ್ಲಿ ಇನ್ನೊಂದು ಆಟ. ಹುಟ್ಟಿದ್ದು ಹಾನಗಲ್ಲ ತಾಲೂಕಿನ ಹಳ್ಳಿ. ಒಂದು ಕಾಗದದಲ್ಲಿ ಮುಂಬಯಿ ರಾಜ್ಯ, ಧಾರವಾಡ ಜಿಲ್ಲೆ. ಮುಂದಿನದರಲ್ಲಿ ಮೈಸೂರು ರಾಜ್ಯ. ಆಮೇಲೆ ಕರ್ನಾಟಕ. ರೇಷನ್ ಕಾರ್ಡಿನ ಕಾಲಕ್ಕೆ ಹಾವೇರಿ ಜಿಲ್ಲೆ. ಮೊಮ್ಮಗ ಮೊದಲ ಕರಡಿನಲ್ಲಿ ಅಜ್ಜನ ಕುಟುಂಬ ಮುಂಬಯಿ ಕಡೆಯಿಂದ ವಲಸೆ ಬಂದಿತ್ತೆಂದೇ ಬರೆದುಬಿಟ್ಟಿದ್ದ! ಊರು ಕದಲಿಲ್ಲ, ಗಡಿ ಕದಲಿತ್ತು: 1956ರ ನವೆಂಬರ್ 1ಕ್ಕೆ ಏಕೀಕರಣ, 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ. ತಾರೀಖಿಲ್ಲದ ಕಾಗದದ ಕಾಲ ಹಿಡಿಯಲು ಈ ನಾಲ್ಕು ಹೆಸರು ಬಹಳ ಉಪಯೋಗ. ಅಣೆ-ಪೈ ಲೆಕ್ಕ ಇದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಆದರೂ ಹಿರಿಯರು ಆಮೇಲೆಯೂ ಕೆಲವು ವರ್ಷ ಅಣೆಯಲ್ಲೇ ಬರೆದಿದ್ದಾರೆ ಎಂಬುದು ನೆನಪಿರಲಿ.

ರೈಲ್ವೆಯದೂ ಹಾಗೆಯೇ. 1963ರಲ್ಲಿ ಖಲಾಸಿಯಾಗಿ (ಸಹಾಯಕ ಕೆಲಸಗಾರನಾಗಿ) ಸೇರಿದ ಪತ್ರ ದಕ್ಷಿಣ ರೈಲ್ವೆಯದು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ಅದಕ್ಕೆ ಸೇರಿತು. ಚೀಟಿಯ ತಲೆಬರಹ ಬದಲಾಯಿತು. ನೈಋತ್ಯ ರೈಲ್ವೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ನಡೆಯತೊಡಗಿದ್ದು 2003ರ ಏಪ್ರಿಲ್ 1ರಿಂದ. ಇವರು ನಿವೃತ್ತರಾದದ್ದು 2002ರಲ್ಲಿ. ಓಣಿಯ ತುದಿಯ ಫ್ಲೆಕ್ಸಿನಲ್ಲಿ ಮಾತ್ರ 'ನೈಋತ್ಯ ರೈಲ್ವೆಯ ನಿವೃತ್ತ ನೌಕರರು' ಎಂದು ಬಿದ್ದಿತ್ತು. 39 ವರ್ಷ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಬಂದ ಮನುಷ್ಯನಿಗೆ, ಫ್ಲೆಕ್ಸಿನದೂ ಸೇರಿ, ಮೂರು ರೈಲ್ವೆ.

ನಿವೃತ್ತಿಯ ದಿನದ ಬಗ್ಗೆ ಮಕ್ಕಳಲ್ಲಿ ಜಗಳವೇ ಆಯಿತು. ಹಿರಿಯನ ಪ್ರಕಾರ 58ಕ್ಕೆ, ಅಂದರೆ 2000ದಲ್ಲಿ. ಪಿಂಚಣಿ ಆದೇಶದಲ್ಲಿ 31-5-2002. ಆದೇಶವೇ ಸರಿ: ಕೇಂದ್ರ ನೌಕರರ ನಿವೃತ್ತಿ ವಯಸ್ಸು 1998ರಲ್ಲಿ 58ರಿಂದ 60 ಆಯಿತು. ಜೂನ್ 1ರಂದು ಹುಟ್ಟಿದವರು ಮೇ 31ಕ್ಕೇ ನಿವೃತ್ತರಾಗುತ್ತಾರೆ, ತಿಂಗಳ ಮೊದಲ ದಿನ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ ಎಂಬ ನಿಯಮದಿಂದ. ಮಾಸ್ತರರ ಅಂದಾಜಿನ ಜೂನ್ 1 ಅಲ್ಲಿಯವರೆಗೂ ಬೆನ್ನು ಬಿಡಲಿಲ್ಲ.

ಆದರೆ ಪ್ರತಿ ಸಲವೂ ಕಾಗದವೇ ಗೆಲ್ಲಬೇಕೆಂದಿಲ್ಲ. ಹೆಂಡತಿಯ ನೆನಪಿನಲ್ಲಿ 1974ರ ರೈಲ್ವೆ ಮುಷ್ಕರದ ಕಾಲಕ್ಕೆ ಗಂಡ ಮೂರು ತಿಂಗಳು ಮನೆಯಲ್ಲಿದ್ದರು. ಮುಷ್ಕರ ನಡೆದದ್ದು ಮೇ 8ರಿಂದ 27ರವರೆಗೆ, 20 ದಿನ. ಮೊಮ್ಮಗ ಅಜ್ಜಿಯ ಮಾತು ತಿದ್ದಿ '20 ದಿನ' ಎಂದು ಬರೆದ. ತಿದ್ದಬಾರದಿತ್ತು. ಮುಷ್ಕರ ಮುಗಿದ ದಿನವೇ ಎಲ್ಲರೂ ಒಳಗೆ ಹೋಗಲಿಲ್ಲ. ಕೆಲಸದಿಂದ ತೆಗೆದವರು, ಅಮಾನತ್ತಿನಲ್ಲಿ ಇಟ್ಟವರು ಎಷ್ಟೋ ಮಂದಿ. ಸಂಬಳ ಚೀಟಿಯ ಕಟ್ಟಿನಲ್ಲಿ ಆ ವರ್ಷ ಮೇ, ಜೂನ್, ಜುಲೈ ಇರಲೇ ಇಲ್ಲ. ಅಜ್ಜಿಯ ಲೆಕ್ಕ ಉಳಿಯಿತು.

ಉಳಿದ ಘಟನೆಗಳಿಗೆ ವರ್ಷ ಹಚ್ಚಿದ್ದು ಊರಿನ ನೆನಪಿನ ಗೂಟಗಳಿಂದ. ಮಗಳು ಹುಟ್ಟಿದ್ದು ಎಪ್ಪತ್ತೆರಡರ ಬರದಲ್ಲಿ. ಮನೆಗೆ ಜಾಗ ಕೊಂಡದ್ದು ಗೋಕಾಕ ಚಳವಳಿಯ ವರ್ಷ, ಅಂದರೆ 1982. ಮೇಲಿನ ಖೋಲಿ ಕಟ್ಟಿದ್ದು ಇಂದಿರಾ ಗಾಂಧಿ ಹೋದ ವರ್ಷ, 1984. 'ಯಾವ ವರ್ಷ?' ಎಂದು ಕೇಳಿದರೆ ವಯಸ್ಸಾದವರು ತಡವರಿಸುತ್ತಾರೆ. 'ಬರದ ಮುಂದೋ ಹಿಂದೋ?' ಎಂದರೆ ಥಟ್ಟನೆ ಹೇಳುತ್ತಾರೆ.

ಅವ್ವನ ಮುಂದೆ ಡಬ್ಬಿ ಇಟ್ಟದ್ದು

ಹೆಂಡತಿಯ ಮಾತಿನ ಮೊದಲ ಧ್ವನಿಮುದ್ರಣ 11 ನಿಮಿಷ. ಕೆಲಸಕ್ಕೆ ಬಂದದ್ದು ಏನೂ ಇಲ್ಲ. ಪಡಸಾಲೆಯಲ್ಲಿ ಮೂರೂ ಮಕ್ಕಳು, ಸೊಸೆಯರು, ಮೇಲೆ ಫ್ಯಾನು. 'ಭಾಳ ಚಲೋ ಮನಷ್ಯಾ ಇದ್ರು' ಎಂದು ಸೆರಗು ಬಾಯಿಗಿಟ್ಟರು. ಮುಂದಿನದನ್ನು ಮಕ್ಕಳೇ ಅವರ ಪರವಾಗಿ ಹೇಳಿ ಮುಗಿಸಿದರು.

ಎರಡನೆಯ ಸಲ ಮಗಳು ಒಬ್ಬಳೇ. ಅಡುಗೆಮನೆ, ಮಧ್ಯಾಹ್ನ ಮೂರರ ಹೊತ್ತು, ಫ್ಯಾನು ಬಂದ್. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಅವ್ವನಿಂದ ಎರಡು ಗೇಣು ದೂರದಲ್ಲಿ ಇಟ್ಟಳು. ಬರೀ ಕಟ್ಟೆಯ ಮೇಲಿಟ್ಟರೆ ಪಾತ್ರೆ ಮುಟ್ಟಿದ ಸಪ್ಪಳವೆಲ್ಲ ಗುಡುಗಿನಂತೆ ಸೇರುತ್ತದೆ. ಪ್ರಶ್ನೆ ಕೇಳಲಿಲ್ಲ. ಅಪ್ಪನ ಊಟದ ಡಬ್ಬಿಯನ್ನು ಮುಂದೆ ಇಟ್ಟಳು, ಅಷ್ಟೇ. 52 ನಿಮಿಷ ಮಾತು ಬಂತು.

ಬೆಳಿಗ್ಗೆ ವರ್ಕ್‌ಶಾಪಿನ ಭೋಂಗಾ (ಸೈರನ್) ಹೊಡೆಯುವ ಮೊದಲೇ ಸೈಕಲ್ ಹೊರಗೆ ಇರುತ್ತಿತ್ತು. ಡಬ್ಬಿಗೆ ಮೂರು ಜೋಳದ ರೊಟ್ಟಿ, ಝುಣಕ ಇಲ್ಲವೆ ಬದನೆಕಾಯಿ, ಒಂದು ಮೂಲೆಗೆ ಗುರೆಳ್ಳು ಚಟ್ನಿ. ಅವರು ಉಣ್ಣುತ್ತಿದ್ದದ್ದು ಎರಡೇ. 'ಮೂರನೇದ್ದು ಯಾರಿಗೆ ಅಂತ ನಾನೂ ಕೇಳಲಿಲ್ಲ, ಅವ್ರೂ ಹೇಳಲಿಲ್ಲ. ಒಂದಿನ ಎರಡ ಕಟ್ಟಿದ್ನಿ. ಸಂಜಿಕ ಡಬ್ಬಿ ತೊಳಿಲಿಕ್ಕೆ ತಗದ್ರ ಒಂದು ಹಂಗ ಇತ್ತು. ಅವ್ರ ಒಂದ ಉಂಡಿದ್ರು.' ಅವ್ವ ಮರುದಿನದಿಂದ ಮತ್ತೆ ಮೂರು ಕಟ್ಟಿದರು. ಯಾರಿಗೆಂದು ಗೊತ್ತಾದದ್ದು ಪುಸ್ತಕದ ಕೆಲಸದಲ್ಲೇ. ಅವರ ಕೈಕೆಳಗೆ ಸೇರಿದ ಒಬ್ಬ ಖಲಾಸಿ ಹುಡುಗ. ಮನೆಯಲ್ಲಿ ತಾಯಿ ಇರಲಿಲ್ಲ.

ಈ ಮಾತನ್ನು ಅಚ್ಚಿಗೆ ಇಳಿಸುವಾಗ ಒಂದು ಅನಾಹುತ ಆಗುವುದರಲ್ಲಿತ್ತು. ಅಳಿಯ, ನಿವೃತ್ತ ಶಿಕ್ಷಕರು, 'ಶುದ್ಧ' ಮಾಡಿ ಕೊಟ್ಟರು: 'ಒಂದು ದಿನ ನಾನು ಎರಡು ರೊಟ್ಟಿಗಳನ್ನು ಮಾತ್ರ ಕಟ್ಟಿದ್ದೆನು.' ವ್ಯಾಕರಣ ಸರಿ, ಅವ್ವ ಮಾತ್ರ ಅದರಲ್ಲಿ ಇಲ್ಲ. ಬರಹದ ಭಾಗ ಶಿಷ್ಟ ಕನ್ನಡದಲ್ಲಿ, ಉದ್ಧರಣೆ ಮಾತ್ರ ಆಡಿದಂತೆಯೇ ಎಂದು ಹಂಚಿಕೊಂಡ ಮೇಲೆ ಜಗಳ ನಿಂತಿತು. ಆಡುಮಾತನ್ನು ಬರೆಯುವಾಗ ಒಂದು ಎಚ್ಚರ ಬೇಕು: ಒಬ್ಬರು 'ಇದ್ದ್ರು', ಇನ್ನೊಬ್ಬರು 'ಇದ್ರು' ಎಂದು ಬರೆದರೆ ಓದುಗ ಎಡವುತ್ತಾನೆ. ಒಂದು ಹಾಳೆಯಲ್ಲಿ ಇಪ್ಪತ್ತು ಮೂವತ್ತು ರೂಪ ಬರೆದಿಟ್ಟು, ಎಲ್ಲರೂ ಅದನ್ನೇ ಹಿಡಿಯಬೇಕು.

ಅವರ ಕೆಲಸ ಏನಿತ್ತು?

ಇದು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. 'ವರ್ಕ್‌ಶಾಪಿನ್ಯಾಗ ಇದ್ರು' ಎಂಬಲ್ಲಿಗೆ ಮುಗಿಯುತ್ತಿತ್ತು. ಸಂಸಾರಸ್ಥನ ಪುಸ್ತಕದಲ್ಲಿ ದುಡಿಮೆಯ ಅಧ್ಯಾಯ ಹೆಚ್ಚಾಗಿ ಒಂದು ಪ್ಯಾರಾ ಇರುತ್ತದೆ, ಅದೂ ಪದೋನ್ನತಿಯ ತಾರೀಖುಗಳು. ದಿನದ ಎಂಟು ತಾಸು ಕೈ ಏನು ಮಾಡುತ್ತಿತ್ತು ಎಂಬುದು ಇರುವುದೇ ಇಲ್ಲ.

ಹಿತ್ತಾಳೆ ಬಿಲ್ಲೆಯ ಮೇಲಿನ ಟಿಕೆಟ್ ನಂಬರು ಇಲ್ಲಿ ದಾರಿ ತೋರಿಸಿತು. ಶಾಪಿನಲ್ಲಿ ಹೆಸರಿಗಿಂತ ನಂಬರೇ ಗುರುತು. ನಿವೃತ್ತ ನೌಕರರು ಸಂಜೆ ಸೇರುವ ಕಟ್ಟೆಯಲ್ಲಿ ಹೆಸರು ಹೇಳಿದಾಗ ತಲೆ ಕೆರೆದುಕೊಂಡವರು, ನಂಬರು ಹೇಳಿದ ಕೂಡಲೇ 'ಹೌದ, ಸಿಲಿಂಡರ್ ಸೆಕ್ಷನ್' ಎಂದರು.

ಅವರದು ವ್ಯಾಕ್ಯೂಮ್ ಬ್ರೇಕಿನ ಸಿಲಿಂಡರ್ ಬಿಚ್ಚಿ ಜೋಡಿಸುವ ಕೆಲಸ. ಆ ಬಗೆಯ ಬ್ರೇಕಿನಲ್ಲಿ ಗಾಡಿಯುದ್ದಕ್ಕೂ ಕೊಳವೆಯಿಂದ ಹವೆ ಎಳೆದು ನಿರ್ವಾತ ಮಾಡಿ ಇಟ್ಟಿರುತ್ತಾರೆ. ಚಾಲಕ ಹವೆ ಒಳಗೆ ಬಿಟ್ಟಾಗ ಪಿಸ್ಟನ್ ಎದ್ದು ಬ್ರೇಕು ಹಿಡಿಯುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ರಬ್ಬರಿನ ಒಂದು ಉಂಗುರ ಉರುಳುತ್ತ ಮೇಲೆ ಕೆಳಗೆ ಹೋಗುತ್ತದೆ. ಜೋಡಿಸುವಾಗ ಅದು ಒಂದು ಕಡೆ ಮುರಿಚಿಕೊಂಡರೂ, ಅಂದರೆ ತಿರುಚಿಕೊಂಡರೂ, ಹವೆ ಸೋರಿ, ನಿರ್ವಾತ ನಿಲ್ಲದೆ, ಸಿಲಿಂಡರ್ ಕೆಲಸ ಕೆಡುತ್ತದೆ. ಮುರಿಚು ಕಣ್ಣಿಗೆ ಕಾಣುವುದಿಲ್ಲ. ಇವರು ಉಂಗುರದ ಸುತ್ತ ಹೆಬ್ಬೆರಳು ಆಡಿಸಿ ಹಿಡಿಯುತ್ತಿದ್ದರಂತೆ. ಜೊತೆಗಾರ ಹೇಳಿದ್ದು: 'ಅವ್ರ ಕೂಡಿಸಿದ ಸಿಲಿಂಡರ ಟೆಸ್ಟಿನ್ಯಾಗ ತಿರುಗಿ ಬಂದದ್ದು ನಾ ನೋಡಿಲ್ಲ. ಬಂದಿದ್ರ ಅವ್ರು ಉಂಡಿರತಿದ್ದಿಲ್ಲ.'

ಇಲ್ಲಿಗೆ ಬಂದಾಗ ಓಣಿಯವರು ಹೇಳಿದ ಚೂರುಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಪಂಪ್ ಸ್ಟೋವ್ ಇದ್ದ ಕಾಲದಲ್ಲಿ ಇಡೀ ಓಣಿಯ ಸ್ಟೋವು ಅವರ ಕಟ್ಟೆಗೆ ಬರುತ್ತಿದ್ದವು. ಪಂಪಿನ ಚರ್ಮದ ವಾಷರ್ ಒಣಗಿ ಕುಗ್ಗಿದರೆ ಹವೆ ತುಂಬುವುದಿಲ್ಲ. ಅವರು ವಾಷರ್ ಬಿಚ್ಚಿ ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಅಂಚು ಅರಳಿಸಿ ಕೂಡಿಸುತ್ತಿದ್ದರು. ಹೊಸ ವಾಷರಿಗೆ ದುಡ್ಡು ಕೊಡಿಸುತ್ತಿರಲಿಲ್ಲ. ಆಮೇಲೆ ಕುಕ್ಕರಿನ ರಿಂಗು, ನಳದ ವಾಷರು. ಹವೆ ಇಲ್ಲವೆ ನೀರು ಸೋರುವುದು ಎಲ್ಲಿದ್ದರೂ ಅವರಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. 'ಪರೋಪಕಾರಿ' ಎಂಬ ಪದ 26 ಬರಹಗಳಲ್ಲಿ ಒಂಬತ್ತು ಸಲ ಬಂದಿತ್ತು. ಆ ಒಂಬತ್ತನ್ನೂ ತೆಗೆದು ಈ ವಾಷರನ್ನು ಇಟ್ಟರು.

ವಹಿಯಲ್ಲಿ ಸಿಕ್ಕ ಕೈಗಡ

ಎಂಟು ವಹಿಗಳಲ್ಲಿ ಹಾಲು, ಕಿರಾಣಿ, ಮಕ್ಕಳ ಫೀ. ಹಿಂದಿನ ಪುಟಗಳಿಂದ ತಿರುವಿದರೆ ಬೇರೊಂದು ಪಟ್ಟಿ: ಹೆಸರು, ತಾರೀಖು, ಮೊತ್ತ. ಕೈಗಡ ಕೊಟ್ಟದ್ದು. ತಿರುಗಿ ಬಂದದ್ದಕ್ಕೆ ಅಡ್ಡಗೆರೆ. ಗೆರೆ ಬೀಳದ ಹೆಸರು ಅರ್ಧಕ್ಕಿಂತ ಹೆಚ್ಚು. ಹೆಂಡತಿಗೂ ತಿಳಿದಿರಲಿಲ್ಲ. ಅದೇ ವರ್ಷಗಳಲ್ಲಿ ಮನೆಯಲ್ಲಿ ದೀಪಾವಳಿಗೆ ಒಬ್ಬ ಮಗನಿಗೆ ಹೊಸ ಅಂಗಿ, ಇನ್ನೊಬ್ಬನಿಗೆ ಮುಂದಿನ ವರ್ಷ ಎಂಬ ಪಾಳಿ ಇತ್ತು.

ಕಿರಿಯ ಮಗ ಇಡೀ ಪಟ್ಟಿಯ ಫೋಟೋ ಹಾಕಬೇಕೆಂದ. ಅಪ್ಪನ ದೊಡ್ಡತನಕ್ಕೆ ಇದಕ್ಕಿಂತ ಸಾಕ್ಷಿ ಏನು? ಹಿರಿಯನಿಗೆ ಸಂಕಟ, ಆ ಹೆಸರಿನವರ ಮಕ್ಕಳೇ ಪುಸ್ತಕ ಇಸಿದುಕೊಳ್ಳಲು ಬರುವವರು. ಅಂಗಿಯ ಪಾಳಿ ನೆನೆದು ಅವನಿಗೆ ಸ್ವಲ್ಪ ಸಿಟ್ಟೂ ಇತ್ತು, ಅದನ್ನು ಮುಚ್ಚಿಡಲಿಲ್ಲ. ತೀರ್ಮಾನ ಹೀಗಾಯಿತು: ಪಟ್ಟಿ ಇತ್ತು ಎಂಬುದನ್ನು ಬರೆಯುವುದು, ಹೆಸರು, ಮೊತ್ತ, ಒಟ್ಟು ಲೆಕ್ಕ ಯಾವುದೂ ಬೇಡ, ಅಂಗಿಯ ಪಾಳಿಯನ್ನೂ ಅದೇ ಪುಟದಲ್ಲಿ ಬರೆಯುವುದು. ಕೊನೆಯದು ಮುಖ್ಯ. ಹೊರಗೆ ಕೊಟ್ಟದ್ದನ್ನು ಮಾತ್ರ ಹೇಳಿ, ಅದರ ಭಾರ ಮನೆಯಲ್ಲಿ ಯಾರು ಹೊತ್ತರೆಂದು ಬಿಟ್ಟರೆ ಅದು ಅರ್ಧ ಸತ್ಯ. ವಹಿಯ ಹಾಲಿನ ಲೆಕ್ಕದ ಒಂದು ಪುಟವನ್ನು ಅವರ ಅಕ್ಷರ ಕಾಣಲೆಂದು ಅಚ್ಚು ಹಾಕಿದರು. ಹಿಂಬದಿಯ ಶಾಯಿ ಮೂಡದಂತೆ ಪುಟದ ಹಿಂದೆ ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಬೇಕು.

ಮಗಳ ಬರಹದಲ್ಲಿ ಇಂಥದೇ ಒಂದು ಗಂಟು. ಧಾರವಾಡದ ಕಾಲೇಜಿಗೆ ಹೋಗುತ್ತೇನೆಂದಾಗ ಅಪ್ಪ ಒಪ್ಪಲಿಲ್ಲ; 20 ಕಿಲೋಮೀಟರ್ ದಿನಾ ಬಸ್ಸಿನಲ್ಲಿ ಹೆಣ್ಣುಹುಡುಗಿ ಎಂಬ ಮಾತು. ಒಂದು ವರ್ಷ ಮನೆಯಲ್ಲೇ ಕೂತಳು. ಮುಂದಿನ ಜೂನ್‌ನಲ್ಲಿ ಏನೂ ಹೇಳದೆ ಬಸ್ ಪಾಸು ತಂದು ದೇವರ ಮುಂದೆ ಇಟ್ಟರು. ಅಣ್ಣ ತಮ್ಮ ಇಬ್ಬರೂ 'ಹೋದವರ ಬಗ್ಗೆ ಇದು ಯಾಕ' ಎಂದರು. ಅವಳು ತೆಗೆಯಲಿಲ್ಲ. ಪುಸ್ತಕದಲ್ಲಿ ಜನ ಹೆಚ್ಚು ಮಾತಾಡಿದ್ದು ಆ ಎರಡು ಪುಟದ ಬಗ್ಗೆಯೇ.

ಫೋಟೋ

ಮದುವೆಯ ಕಪ್ಪು-ಬಿಳುಪು ಪಟ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಮಳೆಗಾಲದ ತೇವಕ್ಕೆ ಪಟದ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜು ಹಿಡಿಯುತ್ತದೆ. ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಚೌಕಟ್ಟು ಮಾತ್ರ ಬಿಚ್ಚಿ, ಗಾಜಿನ ಸಮೇತ ಸ್ಕ್ಯಾನರಿನ ಮೇಲೆ ಇಟ್ಟರು. 1980ರ ದಶಕದ ಬಣ್ಣದ ಚಿತ್ರಗಳು ಕೆಂಪಾಗಿದ್ದವು, ಅವನ್ನು ತಿದ್ದಬಹುದು. ಅಂಟಿನ ಆಲ್ಬಮ್ಮಿನಲ್ಲಿ ಕೂತವನ್ನು ಉಗುರಿನಿಂದ ಎಬ್ಬಿಸದೆ, ಗಟ್ಟಿ ದಾರವನ್ನು ಕೆಳಗೆ ತೂರಿಸಿ ಗರಗಸದಂತೆ ಆಡಿಸಿ ಬಿಡಿಸಿದರು.

ಅಳತೆಯ ಲೆಕ್ಕ ಹೀಗೆ: ಪಾಸ್‌ಪೋರ್ಟ್ ಅಳತೆಯ ಪಟ 3.5 × 4.5 ಸೆಂಟಿಮೀಟರ್. ಅಚ್ಚಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಬೇಕು. 600ರಲ್ಲಿ ಸ್ಕ್ಯಾನ್ ಮಾಡಿದರೆ ಎರಡರಷ್ಟು, 7 × 9 ಸೆಂಟಿಮೀಟರ್ ತನಕ ಹಿಗ್ಗಿಸಬಹುದು. 1200ರಲ್ಲಿ 14 × 18. ವಾಟ್ಸ್‌ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಇದನ್ನು ಹೇಳದ ಕಾರಣ ಬಂದ 60 ಚಿತ್ರಗಳಲ್ಲಿ 40ನ್ನು ಮತ್ತೊಮ್ಮೆ ತರಿಸಬೇಕಾಯಿತು.

ಮುಖಪುಟದ ಚಿತ್ರವನ್ನು ಮೊಮ್ಮಗ ಫೋನಿನ ಆ್ಯಪಿನಲ್ಲಿ 'ಸ್ಪಷ್ಟ' ಮಾಡಿಸಿದ. ಚರ್ಮ ನುಣುಪಾಯಿತು, ಹಲ್ಲು ಸಾಲಾದವು, ಹುಬ್ಬಿನ ಮೇಲಿನ ಗಾಯದ ಗುರುತು ಮಾಯ. ಅಜ್ಜಿ ನೋಡಿ, 'ಇವ್ರ ಯಾರು?' ಎಂದರು. ಅಂಥ ಆ್ಯಪು ಇಲ್ಲದ ಮುಖವನ್ನು ಊಹಿಸಿ ತುಂಬುತ್ತದೆ. ಧೂಳು, ಗೀರು, ಬಣ್ಣ ತಿದ್ದಬಹುದು, ಮುಖ ಮುಟ್ಟಬಾರದು. ಮಸುಕಿದ್ದ ಮೂಲವನ್ನೇ ಚಿಕ್ಕದಾಗಿ ಹಾಕಿದರು.

ನಿವೃತ್ತಿಯ ಗುಂಪು ಚಿತ್ರದಲ್ಲಿ 31 ಜನ. ಅದರ ಮೇಲೆ ತೆಳು ಕಾಗದ ಹಾಸಿ, ತಲೆಗಳ ಗೆರೆ ಎಳೆದು, ನಂಬರು ಕೊಟ್ಟು, ಮೂವರು ಹಳೆಯ ಜೊತೆಗಾರರಿಗೆ ಬೇರೆಬೇರೆಯಾಗಿ ತೋರಿಸಿದರು. ಇಬ್ಬರು ಒಂದೇ ಹೆಸರು ಹೇಳಿದರೆ ಮಾತ್ರ ಬರೆದುಕೊಂಡರು. 27 ಸಿಕ್ಕವು.

ಗದಗಿನ ಅಚ್ಚುಮನೆ

ಗದಗು ಮೊದಲಿಂದಲೂ ಮುದ್ರಣದ ಊರು, ಅಲ್ಲಿಯೇ ಕೊಟ್ಟರು. ಮೊದಲ ಕಿರಿಕಿರಿ ಅಕ್ಷರದ್ದು. ಅಳಿಯ ಹಳೆಯ ನುಡಿ ಫಾಂಟಿನಲ್ಲಿ, ಉಳಿದವರು ಫೋನಿನ ಯೂನಿಕೋಡಿನಲ್ಲಿ ಬರೆದಿದ್ದರು. ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬದಲಿಸಿತು, 'ವರ್ಕ್‌ಶಾಪ್' ಎಂಬಲ್ಲಿ ಕಾಣದ ವಿಭಜಕ ಉದುರಿ ಕಕಾರಕ್ಕೆ ಶಕಾರ ಒತ್ತಾಗಿ ಬಿತ್ತು. ಆ ಪದ ಪುಸ್ತಕದಲ್ಲಿ 80ಕ್ಕೂ ಹೆಚ್ಚು ಸಲ ಇತ್ತು. ಕರಡು ಮೂರು ಸಲ ತಿದ್ದಿದರು: ಒಮ್ಮೆ ಕಣ್ಣಿಂದ, ಒಮ್ಮೆ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲ ನೋಡುತ್ತ, ಒಮ್ಮೆ ಬರೀ ಹೆಸರು ಮತ್ತು ತಾರೀಖು. ಮೂರನೆಯದರಲ್ಲೇ ಸೊಸೆಯ ತವರಿನ ಅಡ್ಡಹೆಸರು ತಪ್ಪಿದ್ದು ಸಿಕ್ಕಿತು. ಅದು ಹಾಗೇ ಹೋಗಿದ್ದರೆ ಪುಸ್ತಕಕ್ಕಿಂತ ದೊಡ್ಡ ಸುದ್ದಿಯಾಗುತ್ತಿತ್ತು.

ಡೆಮಿ 1/8 ಅಳತೆ, 16 ಪುಟಕ್ಕೆ ಒಂದು ಫಾರ್ಮು, ಅಂದರೆ ಪುಟಗಳು ಹದಿನಾರರ ಕಟ್ಟಿನಲ್ಲೇ ಅಚ್ಚಾಗುತ್ತವೆ. ಬರಹ 70 ಪುಟ ಆಯಿತು. 64ಕ್ಕೆ ಇಳಿಸಬೇಕು, ಇಲ್ಲವೆ 80ಕ್ಕೆ ಏರಿಸಿ ಹತ್ತು ಪುಟ ಏನಾದರೂ ತುಂಬಬೇಕು. ಇಳಿಸಿದರು, ನಾಲ್ಕು ಕವನಗಳೂ ಎರಡು ಪುಟದ ಸಂತಾಪ ಸಂದೇಶಗಳೂ ಹೋದವು. ಪುಸ್ತಕಕ್ಕೆ ಅದು ಒಳ್ಳೆಯದೇ ಆಯಿತು, ಆದರೆ ಕವಿಗಳಿಗೆ ಮೊದಲೇ ಫೋನು ಮಾಡಿ ಹೇಳಬೇಕಿತ್ತು. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದ, ನಟ್ಟನಡುವೆ ಎಂಟು ಪುಟ ಚಿತ್ರಗಳಿಗೆ 130 ಜಿಎಸ್‌ಎಂ ಆರ್ಟ್ ಪೇಪರು, ನಡುಮಡಿಕೆಗೆ ಹೊಡೆಯುವ ಸೆಂಟರ್ ಪಿನ್ನು. ಇಷ್ಟು ಪುಟಕ್ಕೆ ಪಿನ್ನು ಹಾಕಿದಾಗ ನಡುವಿನ ಹಾಳೆಗಳು ಹೊರಗೆ ತಳ್ಳಿಕೊಂಡು, ಅಂಚು ಕತ್ತರಿಸುವಾಗ ಅವುಗಳ ಹೊರ ಮಾರ್ಜಿನ್ ಕಿರಿದಾಗುತ್ತದೆ. ಅದಕ್ಕೆಂದೇ ನಡುವಿನ ಚಿತ್ರಗಳನ್ನು ಅಂಚಿನಿಂದ ಸಾಕಷ್ಟು ಒಳಗೆ ಇಟ್ಟರು.

ಪ್ರತಿ ಎಷ್ಟು? ಆಮಂತ್ರಣದ ಪಟ್ಟಿಯ ತಲೆಗಳನ್ನಲ್ಲ, ಮನೆಗಳನ್ನು ಎಣಿಸಿದರು: 190. ವರ್ಕ್‌ಶಾಪಿನವರಿಗೆ 60, ಹಳ್ಳಿಗೆ 20, ಕೈಯಲ್ಲಿ 30. ಒಟ್ಟು 300.

ಎಲ್ಲ ಸರಿಯಿದೆ ಎನ್ನುವಾಗ ತಿಥಿ ಕೈಕೊಟ್ಟಿತು. ಹಿರಿಯ ಮಗ ಅಚ್ಚುಮನೆಗೆ ಕೊಟ್ಟ ಗಡುವು ಇಂಗ್ಲಿಷ್ ತಾರೀಖಿನದು. ವರ್ಷದ ಕಾರ್ಯ ಮಾಡುವುದು ತಿಥಿಯಂತೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಹಾಗಾಗಿ ತಿಥಿ 11 ದಿನ ಮೊದಲೇ ಬಂತು. ಅಧಿಕ ಮಾಸ ಬಿದ್ದ ವರ್ಷವಾಗಿದ್ದರೆ 19 ದಿನದ ಹತ್ತಿರ ತಡವಾಗಿ ಬರುತ್ತಿತ್ತು. ಕೆಲಸ ಆರಂಭಿಸುವ ದಿನವೇ ಪಂಚಾಂಗ ನೋಡಿ ದಿನ ಗಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ಕಾರ್ಯದ ದಿನಕ್ಕೆ 50 ಪ್ರತಿ ಮಾತ್ರ ಪಿನ್ನು ಹೊಡೆದು ಬಂದವು, ಅದೂ ಬೆಳಗಿನ ಗಾಡಿಗೆ.

ಆ ದಿನ ಮತ್ತು ಆಮೇಲೆ

ಬಿಡುಗಡೆಗೆ ಯಾರನ್ನು ಕರೆಯಬೇಕೆಂಬ ಚರ್ಚೆಯಲ್ಲಿ ಒಬ್ಬ ಜನಪ್ರತಿನಿಧಿಯ ಹೆಸರು, ಒಬ್ಬ ಸ್ವಾಮಿಗಳ ಹೆಸರು ಬಂದಿದ್ದವು. ಅವ್ವ ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಊಟಕ್ಕೆ ಮುಂಚೆ, ಪಡಸಾಲೆಯಲ್ಲಿ, ಮೊದಲ ಪ್ರತಿಯನ್ನು ತಾವೇ ತೆಗೆದು ಮೂರನೆಯ ರೊಟ್ಟಿ ಉಂಡವನ ಕೈಗೆ ಕೊಟ್ಟರು. ಅವನೂ ಈಗ ನಿವೃತ್ತ. ಮೈಕು ಇರಲಿಲ್ಲ. ಹಿಂದೆ ಕೂತವರಿಗೆ ಏನಾಯಿತೆಂದು ತಿಳಿಯಲೂ ಇಲ್ಲ.

ವಾರದೊಳಗೆ ಮೂರು ತಪ್ಪು ಸಿಕ್ಕವು. ಹಳ್ಳಿಯ ಅಕ್ಕನ ಗಂಡನ ಹೆಸರೇ ವಂಶದ ಪುಟದಲ್ಲಿ ಬಿಟ್ಟುಹೋಗಿತ್ತು. ಒಂದು ಚಿತ್ರ ತಿರುವುಮುರುವಾಗಿ, ಅಂಗಿಯ ಗುಂಡಿ ಎಡಬಲ ಆಗಿತ್ತು. ಒಂದು ಕಡೆ 1966 ಇರಬೇಕಾದಲ್ಲಿ 1996. ಉಳಿದ 250 ಪ್ರತಿಗಳಿಗೆ ತಿದ್ದುಪಡಿಯ ಚೀಟಿ ಅಂಟಿಸಿದರು, ಮೊದಲ 50 ಒಯ್ದವರಿಗೆ ಚೀಟಿಯನ್ನು ಕೈಯಲ್ಲೇ ಮುಟ್ಟಿಸಿದರು. ಅಕ್ಕನ ಮನೆಗೆ ಮಾತ್ರ ಹಿರಿಯ ಮಗನೇ ಬಸ್ಸು ಹತ್ತಿ ಹೋದ.

ಧ್ವನಿಮುದ್ರಣ, ಸ್ಕ್ಯಾನು, ಅಚ್ಚಿನ ಪಿಡಿಎಫ್ ಎರಡು ಹಾರ್ಡ್‌ಡಿಸ್ಕಿನಲ್ಲಿ ಇವೆ, ಒಂದು ಹುಬ್ಬಳ್ಳಿಯಲ್ಲಿ, ಒಂದು ಮಗಳ ಮನೆಯಲ್ಲಿ. ವಹಿಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಪ್ಲಾಸ್ಟಿಕ್ಕಿನೊಳಗೆ ತೇವ ಕೂತರೆ ಕಾಗದ ಬೂಷ್ಟು ಹಿಡಿಯುತ್ತದೆ. ಹಿಂದಿನ ಪುಟಗಳ ಕೈಗಡದ ಪಟ್ಟಿಯನ್ನು ಸ್ಕ್ಯಾನ್ ಮಾಡಿಲ್ಲ.

ಗುಂಪು ಚಿತ್ರದಲ್ಲಿ ಗುರುತು ಸಿಗದೆ ಉಳಿದ ನಾಲ್ವರ ಜಾಗದಲ್ಲಿ ನಂಬರು ಮಾತ್ರ ಅಚ್ಚಾಗಿತ್ತು. ಎರಡು ತಿಂಗಳ ಮೇಲೆ ಗದಗಿನಿಂದ ಒಬ್ಬರು ಫೋನು ಮಾಡಿದರು: '14ನೇ ನಂಬರು ನಮ್ಮಪ್ಪಾರಿ. ನಮ್ಮ ಮನ್ಯಾಗ ಅವರದ್ದು ಒಂದೂ ಫೋಟೋ ಇಲ್ಲ, ದೊಡ್ಡದ ಮಾಡಿ ಕೊಡ್ತೀರೇನ್ರಿ?' ಮೂಲದ ಸ್ಕ್ಯಾನು 1200 ಡಿಪಿಐನದು. ಆ ಒಂದು ತಲೆಯನ್ನು ಬೇರೆ ಮಾಡಿ ತೆಗೆದುಕೊಟ್ಟರು.